ಮುನ್ನಾನಿಗೆ ನಾನು ಕಲಿಸಿದ ಕನ್ನಡ

ನಾನು ಓದಿದ್ದು ಏಳನೇ ಕ್ಲಾಸು. ಹಾಗಾಗಿ ಮಿದುಳಿನ ವಿಚಾರಕ್ಕೆ ಬಾಯಿ ಹಾಕಬಾರದು ಅಂತ ನಮ್ಮ ಭಾವನವರ ಅಪ್ಪಣೆಯಾಗಿದೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ರಾಮನಗರದಲ್ಲಿ ಮನೆ, ರಿಟೈರ್ಡ್ ಆಫೀಸರು. ಬೆಳಗ್ಗೆ ವಾಕಿಂಗಿಗೆ ಮುಂಚೆ ಅವರ ಮೊಬೈಲಿಗೆ ಏನು ಬಂದಿರುತ್ತೋ ಆವತ್ತಿಗೆ ಅದೇ ವಿಜ್ಞಾನ. ಮೊದಲು ಮೆಂತ್ಯ ಇತ್ತು, ಆಮೇಲೆ ಮಂಡಿನೋವು ಬಂತು, ಈಚೆಗೆ ಮಕ್ಕಳ ಮಿದುಳು.

ನನ್ನದು ಬಿಡದಿಯಿಂದ ಒಸಿ ಒಳಗೆ ಸಿಮೆಂಟ್ ಬ್ಲಾಕ್ ಮಾಡುವ ಯಾರ್ಡು. ಗಾರೆಯವರ ಕೈಯಾಳಾಗಿ ಶುರುಮಾಡಿ ಸ್ವಂತ ಬೆವರಲ್ಲಿ ಎಬ್ಬಿಸಿದ್ದು, ಹೇಳಿಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ. ಜಲ್ಲಿ ಲಾರಿಯವರ ಜೊತೆ ತಮಿಳು, ಮಿಷಿನ್ ರಿಪೇರಿಯ ಭಾಯಿ ಜೊತೆ ಉರ್ದು, ಗಾರೆಯವರ ಜೊತೆ ತೆಲುಗು, ಮಿಕ್ಕವರ ಜೊತೆ ಕನ್ನಡ. ಹೀಗೆ ನಾಲ್ಕು ಭಾಷೆ ಆಡುವವನನ್ನು ನಮ್ಮ ಕಡೆ ಯಾರೂ ಬುದ್ಧಿವಂತ ಅನ್ನುತ್ತಿರಲಿಲ್ಲ, ದಳ್ಳಾಳಿ ಅನ್ನುತ್ತಿದ್ದರು. ನಮ್ಮಜ್ಜಿ ಕನಕಪುರದ ಆಚೆ, ತಮಿಳು ಗಡಿಯವಳು. ಅತ್ತೆಯನ್ನು ತಮಿಳಿನಲ್ಲಿ ಬೈದುಕೊಂಡು, ಅದೇ ಉಸಿರಲ್ಲಿ ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದಳಂತೆ. ಒಂದು ದಿನವೂ ಅದಲುಬದಲಾಗಲಿಲ್ಲ. ಆಗಿದ್ದರೆ ನಮ್ಮ ವಂಶ ಇಲ್ಲಿವರೆಗೆ ಬರುತ್ತಿರಲಿಲ್ಲ.

ಇರಲಿ. ಯಾರ್ಡಿನ ಶೆಡ್ಡಿನಲ್ಲಿ ಬಿಹಾರದ ಮುನ್ನಾ, ಅವನ ಹೆಂಡತಿ, ಆರು ವರ್ಷದ ಮಗಳು ಗುಡ್ಡಿ ಇದ್ದಾರೆ. ಅವರ ಮನೆಮಾತು ಭೋಜ್‌ಪುರಿ. ಗುಡ್ಡಿಯನ್ನು ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿಸಿದೆವು. ಶೆಡ್ಡಿನಲ್ಲಿ ಚಿಲಿಪಿಲಿ ಅನ್ನುತ್ತಿದ್ದ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ದಸರಾ ರಜಕ್ಕೆ ಮುಂಚೆ ಮಿಸ್ಸು ನಮ್ಮನ್ನು ಕರೆಸಿದರು. ಒಳ್ಳೆಯ ಹೆಣ್ಣುಮಗಳೇ. "ರಜ ಮುಗಿದ ಮೇಲೂ ಹಿಂಗೇ ಇದ್ರೆ ಅಂಗನವಾಡಿಗೇ ವಾಪಸ್ ಕೂರಿಸ್ಬೇಕಾಗ್ತದೆ. ಡಾಕ್ಟ್ರಿಗೂ ಒಂದ್ಸಲ ತೋರಿಸಿ" ಅಂದರು. ಮುನ್ನಾನ ಮುಖ ಮಳೆಯಲ್ಲಿ ನೆನೆದ ಸಿಮೆಂಟ್ ಮೂಟೆಯಾಯಿತು. ತನ್ನ ಹಾಗೆ ಮಗಳು ಮೂಟೆ ಹೊರಬಾರದು ಅಂತಲೇ ಅವನು ಇಷ್ಟು ದೂರ ಬಂದಿದ್ದು.

ಆ ಭಾನುವಾರ ಭಾವನವರು ಯಾರ್ಡಿಗೆ ದಯಮಾಡಿಸಿ, ವಿಷಯ ಕೇಳಿ, ಕುರ್ಚಿ ಹಾಕಿಸಿಕೊಂಡು ತೀರ್ಪು ಕೊಟ್ಟರು. "ಚಿಕ್ಕ ಮಿದುಳಿಗೆ ಎರಡೆರಡು ಭಾಷೆ ತುಂಬಿದ್ರೆ ಟ್ರಾಫಿಕ್ ಜಾಮ್ ಆಗುತ್ತೆ ಕಣಯ್ಯ. ಮನೇಲಿ ಆ ಭಾಷೆ ಬಂದ್ ಮಾಡ್ಸು. ಬರೀ ಕನ್ನಡ."

"ನಿಮ್ಮ ಮೊಮ್ಮಗಂಗೆ ಇಂಗ್ಲಿಷು, ಹಿಂದಿ, ಶನಿವಾರ ಶನಿವಾರ ಫ್ರೆಂಚು ಅಂತ ತುಂಬಿಸ್ತಾ ಇದೀರಲ್ಲ ಭಾವ?"

"ಅದು ಸಿಸ್ಟಮ್ಯಾಟಿಕ್ಕು. ಅದರಿಂದ ಮಿದುಳು ಅರಳುತ್ತೆ."

ಅಂದರೆ ಫೀಜು ಕಟ್ಟಿ ತುಂಬಿಸಿದರೆ ಅರಳುತ್ತೆ, ಬಿಟ್ಟಿ ತುಂಬಿದರೆ ಜಾಮ್ ಆಗುತ್ತೆ. ಮಿದುಳಿಗೆ ರಶೀದಿ ಓದೋಕೆ ಬರುತ್ತೆ ಅನ್ನೋದು ಏಳನೇ ಕ್ಲಾಸಿನವರೆಗೆ ನಮಗೆ ಪಾಠ ಇರಲಿಲ್ಲ. ಭಾವ ತಮ್ಮ ಆಫೀಸು ಹಿಂದಿಯಲ್ಲಿ ಇದನ್ನೇ ಮುನ್ನಾನಿಗೂ ಹೇಳಿದರು. ಮುನ್ನಾ ಕೈ ಮುಗಿದ. ಮಗಳಿಗೋಸ್ಕರ ತಲೆಕೆಳಗಾಗಿ ನಿಲ್ಲು ಅಂದಿದ್ದರೂ ನಿಲ್ಲುತ್ತಿದ್ದ.

ನಾಲ್ಕೈದು ದಿನ ಬಿಟ್ಟು ಸಂಜೆ ಶೆಡ್ಡಿನ ಕಡೆ ಹೋದೆ. ಒಳಗೆ ಊಟ ನಡೆಯುತ್ತಿತ್ತು.

"ಲೋಡ್ ಆಯ್ತಾ?" ಅಂದ ಮುನ್ನಾ. ಊಟ ಆಯ್ತಾ ಅಂತ ಅರ್ಥ. ಗುಡ್ಡಿ ತಲೆಯಾಡಿಸಿದಳು. ರೊಟ್ಟಿ ತೋರಿಸಿ, "ಇನ್ನೊಂದ್ ಇಳ್ಸು" ಅಂದ. ಕೈ ತೊಳೆಯೋಕೆ "ನೀರ್ ಹೊಡಿ." ಮಲಗೋಕೆ "ಗೋಡೆ ಸೈಡಿಗೆ ಜೋಡ್ಸ್ಕೊ." ಅಷ್ಟರಲ್ಲಿ ಗುಡ್ಡಿಯ ಕೈತಾಗಿ ಲೋಟ ಉರುಳಿತು, ಹುಡುಗಿಯ ಕಣ್ಣಲ್ಲಿ ನೀರು ಬಂತು. ಮುನ್ನಾ ಹತ್ತಿರಕ್ಕೆ ಎಳೆದುಕೊಂಡು, ಬಾಯಿ ತೆರೆದ, ಮುಚ್ಚಿದ, ತನಗೆ ಬರುವ ಕನ್ನಡವನ್ನೆಲ್ಲ ತಡಕಾಡಿದ. ಕೊನೆಗೆ ತಲೆ ನೇವರಿಸುತ್ತಾ, ಆದಷ್ಟು ಮೆತ್ತಗೆ, "ಏನ್ಲಾ, ಕಣ್ ಕಾಣಾಕಿಲ್ವಾ?" ಅಂದ.

ಆ ರಾಗ ನನ್ನದೇ. ಬ್ಲಾಕ್ ಒಡೆದಾಗ ನಾನು ಎಳೆಯುವ ರಾಗ. ಅದುವರೆಗೂ ನಾನು ಮೃದುಭಾಷಿ ಅಂತ ನಂಬಿದ್ದೆ. ಇಡೀ ಯಾರ್ಡಿಗೆ ನಾನೇ ಕನ್ನಡ ಮೇಷ್ಟ್ರು ಅಂತ ಹೆಮ್ಮೆ ಬೇರೆ. ಅಷ್ಟು ಕನ್ನಡವೂ ಬಾರದ ಅವನ ಹೆಂಡತಿ ಗೋಡೆಗೆ ಒರಗಿ ಬಾಯಿ ಹೊಲಿದುಕೊಂಡು ಕೂತಿದ್ದಳು. ಗುಡ್ಡಿ ಈಗ ಶೆಡ್ಡಿನಲ್ಲೂ ಮಾತು ಬಿಟ್ಟಿದ್ದಳು.

"ನಿಲ್ಸ್ಲಾ ಮುನ್ನಾ" ಅಂತ ಒಳಗೆ ಹೋದೆ. "ಮಗೀನ ಜೊತೆ ನಿನ್ ಭಾಷೇಲೇ ಮಾತಾಡು."

"ಅಣ್ಣಾ, ದಿಮಾಗ್ ಜಾಮ್..."

"ನಂದು ಜಾಮ್ ಆಗೈತಾ?"

ಮುನ್ನಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಮರ್ಯಾದಸ್ಥ, ಮಾತು ತಿರುಗಿಸಿದ. "ಕನ್ನಡ?" ಅಂದ.

"ಅದನ್ನ ನಮ್ಮನೆಯೋಳು ನೋಡ್ಕತಾಳೆ. ನೀನು ಅಪ್ಪ ಆಗಿರು, ಸಾಕು."

ಅವನ ಹೆಂಡತಿಗೆ ಎಷ್ಟು ಅರ್ಥವಾಯಿತೋ ಏನೋ, ಅವಳೇ ಮೊದಲು ಶುರುಮಾಡಿದಳು. ನಾನು ಗೇಟು ದಾಟಿದರೂ ಅವಳ ಮಾತು ಮುಗಿದಿರಲಿಲ್ಲ.

ಮಿಕ್ಕ ರಜವೆಲ್ಲ ಗುಡ್ಡಿ ಹಗಲು ನಮ್ಮ ಜಗಲಿಯಲ್ಲಿ, ನನ್ನ ಹೆಂಡತಿಯ ಸೆರಗಿನ ಪಕ್ಕ. ಮೊದಮೊದಲು ಬರೀ ಕೇಳಿಸಿಕೊಂಡಳು. ಆಮೇಲೆ ಒಂದು ದಿನ, ರಾತ್ರಿ ಅಪ್ಪ ಹೇಳಿದ ನರಿಯ ಕಥೆಯನ್ನು ಕನ್ನಡದಲ್ಲಿ ಶುರುಮಾಡಿದಳು. ಸಿಗದ ಕಡೆ ಒಂದು ಭೋಜ್‌ಪುರಿ ಮಾತು ಸಿಕ್ಕಿಸಿ ಮುಂದಕ್ಕೆ ಹೋದಳು. ಶಾಲೆ ತೆರೆದ ವಾರದಲ್ಲೇ ಅದೇ ಕಥೆ ಕ್ಲಾಸಿನಲ್ಲೂ ಆಯಿತಂತೆ. ಮಿಸ್ಸು ಅಂಗನವಾಡಿಯ ಮಾತು ಮತ್ತೆ ಎತ್ತಲಿಲ್ಲ. ಭಾವನಿಗೆ ಸುದ್ದಿ ಮುಟ್ಟಿಸಿದೆ. "ನೋಡ್ದ್ಯಾ, ಬರೀ ಕನ್ನಡ ಅಂದಿದ್ದಕ್ಕೆ ಸರಿಹೋಯ್ತು" ಅಂದರು. ನಾನು ಹೂಂ ಅಂದೆ. ದೊಡ್ಡವರು.

ನನಗೆ ಬೆರಗಾಗಿದ್ದು ಬೇರೆ. ಆವತ್ತು ಜಗಲಿಯಲ್ಲಿ ಗುಡ್ಡಿಯ ನರಿ ಹೊಳೆ ದಾಟಿ, ಒಂದು ಮನೆ ಬಾಗಿಲಿಗೆ ಬಂದು, ಹಸಿವು ಅಂತ ಮುದ್ದೆ ಕೇಳಿತು.

"ಯಾಕವ್ವ, ನಿಮ್ಮ ನರಿ ರೊಟ್ಟಿ ತಿನ್ನಾಕಿಲ್ವಾ?" ಅಂದಳು ನನ್ನ ಹೆಂಡತಿ.

"ಅಲ್ಲಿ ರೊಟ್ಟಿ" ಅಂದಳು ಗುಡ್ಡಿ. "ಇಲ್ಲಿಗ್ ಬಂದ್ರೆ ಮುದ್ದೆ."

"ಹಂಗಾರೆ ಇದು ಬ್ಯಾರೆ ನರಿನಾ?"

ಇಷ್ಟು ದೊಡ್ಡವರಾಗಿ ಇಷ್ಟೂ ತಿಳಿಯದಲ್ಲ ಅನ್ನೋ ಹಾಗೆ ಹುಡುಗಿ ನಮ್ಮಿಬ್ಬರನ್ನೂ ನೋಡಿದಳು.

"ಅದೇ ನರಿ" ಅಂದಳು.