ಕಬ್ಬಿನ ಹೊಲದ ಕರಾಟೆ

ಮೊನ್ನೆ ಚಿಕ್ಕೋಡಿಯಿಂದ ಬರುವಾಗ ಬಸ್ಸು ನಿಂತಲ್ಲಿ, ಪಕ್ಕದ ಹೊಲದಲ್ಲಿ ರವದಿ ಸುಡುತ್ತಿದ್ದರು. ಕಬ್ಬಿನ ಒಣ ಎಲೆಯ ಆ ಹೊಗೆ ಕಿಟಕಿಯೊಳಗೆ ಬಂದದ್ದೇ ತಡ, ನಮ್ಮ ಕರಾಟೆ ಸರ್ ನೆನಪಾದರು.

ಆಗ ಸಿ.ಡಿ. ಬಾಡಿಗೆಗೆ ಸಿಗುತ್ತಿದ್ದ ಕಾಲ. ಭಾನುವಾರ ಸರ್ ತಮ್ಮ ಪಡಸಾಲೆಯಲ್ಲಿ ನಮಗೆಲ್ಲ ಕುಂಗ್ ಫೂ ಸಿನಿಮಾ ತೋರಿಸುತ್ತಿದ್ದರು. ಎಲ್ಲದರಲ್ಲೂ ಒಂದೇ ಕಥೆ. ಶಿಷ್ಯ ವರ್ಷಗಟ್ಟಲೆ ಗುರುವಿನ ಮನೆಗೆ ನೀರು ಹೊರುತ್ತಾನೆ, ಕಸ ಹೊಡೆಯುತ್ತಾನೆ. ಕೊನೆಗೆ ನೋಡಿದರೆ ಅದೇ ವಿದ್ಯೆ, ವೈರಿಗಳೆಲ್ಲ ಮಕಾಡೆ.

ನನಗೆ ಪೊಲೀಸ್ ಆಗಬೇಕಿತ್ತು. "ಒಂದ್ ಸಲ ನೋಡು. ಆಗಲಿಲ್ಲಂದ್ರ ಲಗ್ನ," ಎಂದಿದ್ದ ಅಪ್ಪ. ಭರ್ತಿಯ ದೈಹಿಕ ಪರೀಕ್ಷೆಗೆ ತಯಾರಾಗಲು ಸರ್ ಬಳಿ ಸೇರಿದೆ. ಅವರು ನಮ್ಮನ್ನು ನೆಟ್ಟಗೆ ತಮ್ಮ ಕಬ್ಬಿನ ಹೊಲಕ್ಕೆ ಇಳಿಸಿದರು, ರವದಿ ಸುಲಿಯಲು. ಕೈ, ಮುಖವೆಲ್ಲ ಗೀರು.

"ಓಡೂದು, ಗುಂಡು ಒಗಿಯೂದು ಯಾವಾಗ ಕಲಸ್ತೀರಿ ಸರ್?"

"ಇದ ತಾಲೀಮ ಐತಿ ತಂಗಿ. ಗಡಬಡಿ ಮಾಡಬ್ಯಾಡ."

ನಂಬಿದೆವು. ಕೂಲಿಯವರು ಸಂಜೆ ಕೂಲಿ ಇಸಿದುಕೊಂಡು ಹೋದರೆ ನಾವು ಸಿನಿಮಾದವರಂತೆ ಸೊಂಟ ಬಗ್ಗಿಸಿ ನಮಸ್ಕರಿಸಿ ಬರುತ್ತಿದ್ದೆವು.

ಭರ್ತಿಯ ದಿನ ಬೆಳಗಾವಿಯ ಮೈದಾನದಲ್ಲಿ ಓಟದ ಅರ್ಧಕ್ಕೇ ಏದುಸಿರು ಬಿಟ್ಟು ಕುಳಿತೆ. ಹೊರಗೆ ಕಳಿಸಿದರು. ಅಪ್ಪ ಮಾತಿಗೆ ತಪ್ಪಲಿಲ್ಲ, ಆ ಬೇಸಿಗೆಯಲ್ಲೇ ಲಗ್ನವಾಯಿತು.

ಪುಕ್ಕಟೆ ಆಳು ಮಾಡಿಕೊಂಡ ಮೋಸಗಾರ ಎಂದು ಸರ್‌ಗೆ ವರ್ಷಗಟ್ಟಲೆ ಹಿಡಿಶಾಪ ಹಾಕಿದೆ. ಅವರು ತೀರಿಕೊಂಡಾಗ ಮಾತ್ರ ಮನಸ್ಸು ತಡೆಯದೆ ಮಣ್ಣಿಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು.

"ಕರಾಟೆ ಕಲಿಯಾಕ ಹೋಗಿ ಮಿರಜಿನ್ಯಾಗ ಅವರ ಮಾಸ್ತರನ ಎಮ್ಮಿ ಕಾದ್ರು ಯವ್ವಾ, ಹರೇ ಎಲ್ಲಾ. ಇವತ್ತ ಕಲಸ್ತಾನ, ನಾಳೆ ಕಲಸ್ತಾನ ಅಂತ... ಕಡೀಕ ಮಾಸ್ತರ ಸತ್ತ ಹೋದ. ಎಮ್ಮಿ ಕಾದದ್ದ ವಿದ್ಯಾ ಅನಕೊಂಡ ಊರಿಗಿ ಬಂದ್ರು."

ಅವರು ಮೋಸಗಾರರಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬೈದು ಹಗುರಾಗಬಹುದಿತ್ತು. ಅವರ ಬಳಿ ಕಲಿಸಲು ಬೇರೇನೂ ಇರಲೇ ಇಲ್ಲ, ಪಾಪ. ಆದರೆ ಪಾಪ ಎಂದರೆ ನನ್ನ ಖಾಕಿ ಬರುತ್ತದೆಯೇ...

ಬಸ್ಸು ಹೊರಟರೂ ಹೊಗೆಯ ವಾಸನೆ ಸೀರೆಯಲ್ಲೇ ಉಳಿದಿತ್ತು. ಗಂಡನ ಹೊಲದಲ್ಲಿ ರವದಿ ಸುಲಿಯಲು ಇವತ್ತಿಗೂ ನನ್ನಷ್ಟು ಚುರುಕಿನ ಕೈ ಇನ್ನೊಂದಿಲ್ಲ. "ಎಲ್ಲಿ ಕಲತೀಬೇ ಇಷ್ಟ ಚಂದ?" ಎಂದು ನೆಗೆಣ್ಣಿ ಕೇಳುತ್ತಾಳೆ.

"ಕರಾಟೆ ಕ್ಲಾಸಿನ್ಯಾಗ," ಎನ್ನುತ್ತೇನೆ.

ಅವಳು ಬಿದ್ದು ಬಿದ್ದು ನಗುತ್ತಾಳೆ.