ಮೂರು ಸಭೆಗಳು ಬಿಟ್ಟ ಹೆಣಕ್ಕೆ ಶಲ್ಮತ್‌ಳ ನೀರು

ಅಂತಿಯೋಕ್ಯ ಪಟ್ಟಣದ ಶಕ 239, ಲೋವುಸ್ ತಿಂಗಳ ಹನ್ನೊಂದು, ಹಗಲಿನ ಮೊದಲ ಗಂಟೆ. ಬಣ್ಣಗಾರರ ಓಣಿಯ ಕೊನೆಯ ಮನೆಯಲ್ಲಿ ಶಲ್ಮತ್ ಅಂಗಿಯ ತೋಳು ಮೇಲಕ್ಕೆ ಮಡಚಿ ಹೆಣ ತೊಳೆಯುತ್ತಿದ್ದಾಳೆ. ಕಡುಬೇಸಿಗೆ; ಮಧ್ಯಾಹ್ನದೊಳಗೆ ಮಣ್ಣಾಗಬೇಕು. ಹೊರಲು ಮಾತ್ರ ಯಾರೂ ಬಂದಿಲ್ಲ.

ಸತ್ತವಳು ಯೂದಿತ್, ಉಣ್ಣೆಗೆ ಬಣ್ಣ ಕಟ್ಟುತ್ತಿದ್ದವಳು. ಯೆಹೂದ್ಯರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಕ್ರಿಸ್ತನ ಸಭೆ ಸೇರಿದಳು. ಗಂಡ ತೀರಿದ ಮೇಲೆ, ತಮ್ಮನ್ನು ತಾವೇ ‘ಬಲ್ಲವರು’ ಎಂದುಕೊಳ್ಳುವವರ ಕೂಟಕ್ಕೂ ಹೋಗುತ್ತಿದ್ದಳು. ಗಂಡನ ಪಕ್ಕದಲ್ಲಿ ಮಲಗಿಸಿ ಎಂಬುದು ಅವಳ ಕೊನೆಯ ಮಾತು.

“ಅವ್ಳು ನಮ್ ಪಾಲಿಗೆ ಯಾವತ್ತೋ ಸತ್ತಳು” ಎಂದು ಅವಳ ಅಣ್ಣ ಬಾಗಿಲು ಹಾಕಿಕೊಂಡ. “ದೇಹ ಅಂದ್ರೆ ಬಿಚ್ಚಿಟ್ಟ ಅಂಗಿ, ಅದಕ್ಯಾಕೆ ಗುಂಡಿ?” ಎಂದರು ಬಲ್ಲವರು. ಗಂಡನ ಗುಂಡಿ ಇರುವುದು ಕ್ರಿಸ್ತನ ಸಭೆಯ ಜಾಗದಲ್ಲಿ. ಅಲ್ಲಿನ ಹಿರಿಯ ಜೋಯಿಲನಿಗೆ ಅನುಮಾನ: ಸಾಯುವಾಗ ಬಲ್ಲವರು ಅವಳ ನೆತ್ತಿಗೆ ತಮ್ಮ ಸುಗಂಧದೆಣ್ಣೆ ಹಾಕಿದ್ದರೆ? ಹಾಕಿದ್ದರೆ ಅವಳು ಅವರವಳು. ಸಭೆಯ ಮಣ್ಣು ಸಿಗದು.

ಮೂರು ಸಭೆಯವರೂ ಓದುವುದು ಒಂದೇ ಸೃಷ್ಟಿಯ ಕಥೆ. ಲೋಕ ಹುಟ್ಟಿದ್ದು ಹೇಗೆಂದು ಹಗಲೆಲ್ಲ ಕಿರುಚಾಡುವ ಈ ಊರಿನಲ್ಲಿ ಒಂದು ಹೆಣಕ್ಕೆ ನಾಲ್ಕು ಹೆಗಲಿಲ್ಲ!

ಶಲ್ಮತ್ ತಾಯಿಯಿಂದ ಈ ಕೆಲಸ ಕಲಿತವಳು. ಸಾವಾದಾಗ ಎಲ್ಲ ಪಂಗಡಕ್ಕೂ ಇವಳೇ ಬೇಕು. ಊಟದ ಪಂಕ್ತಿಯಲ್ಲಿ ಯಾರೂ ಜಾಗ ಕೊಡುವುದಿಲ್ಲ. “ನೀನು ಯಾರ ಕಡೆಯವಳು ಅಂತಾರೆ. ನೀರಿನ ಕಡೆಯವಳು ಅಂತೀನಿ” ಎಂದು, ಬಾಗಿಲ ಬಳಿ ಕೂತು ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ.

ಜೋಯಿಲ ಹೊಸ್ತಿಲಾಚೆಯೇ ನಿಂತು ಕೇಳುತ್ತಾನೆ: “ಶಲ್ಮತವ್ವಾ, ನೆತ್ತಿ ಮೇಲೆ ಎಣ್ಣೆ ಇತ್ತಾ?”

“ಒಳಗೆ ಬಂದು ಮೂಸಿ ನೋಡು. ಕಾಲಿಗೇನಾಗಿದೆ?”

“ತಮಾಷೆ ಬೇಡ. ಸಭೆಗೆ ನಾನು ಉತ್ತರ ಹೇಳ್ಬೇಕು.”

ಅವಳು ಬಟ್ಟೆ ಹಿಂಡುತ್ತಾಳೆ. “ನಿಮ್ಮವ್ವನ್ನ ತೊಳೆದವಳೂ ನಾನೇ ಕಣಪ್ಪ. ಆಕೆ ನೆತ್ತಿ ಮೇಲೆ ಏನಿತ್ತು ಅಂತ ಯಾರಿಗಾದ್ರೂ ಹೇಳಿದ್ನಾ?”

ಜೋಯಿಲನ ಮುಖ ಬಿಳಿಚಿಕೊಳ್ಳುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಚಟ್ಟದ ಒಂದು ತುದಿ ಹಿಡಿಯುತ್ತಾನೆ. ಉಳಿದದ್ದಕ್ಕೆ ಓಣಿಯ ಬಣ್ಣಗಾರರು ಹೆಗಲು ಕೊಡುತ್ತಾರೆ.

ಮಣ್ಣು ಮುಚ್ಚಿದ ಮೇಲೆ ನಾನೂ ಕೇಳುತ್ತೇನೆ, ಎಣ್ಣೆ ಇತ್ತೇ ಎಂದು.

“ನೀನೂ ಶುರು ಮಾಡಿದ್ಯಾ?” ಗದರುತ್ತಾಳೆ. ಆಮೇಲೆ ಮೆಲ್ಲಗೆ, “ನನ್ನನ್ನ ತೊಳೆಯೋಳೂ ಹಿಂಗೇ ಬಾಯಿ ಮುಚ್ಕೊಂಡಿರ್ಲಿ. ಅಷ್ಟು ಸಾಕು.”

ಗಂಡ ಹೆಂಡಿರ ಗುಂಡಿಗಳ ನಡುವೆ ಉಳಿದಿರುವ ಮಣ್ಣು ಒಂದೂವರೆ ಗೇಣು.