ಹೋಗಿಬರುವವರ ಹಕ್ಕಿ

ಲಂಟಾನದ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದವರು ಆ ವಾಸನೆಯನ್ನು ಮರೆಯುವುದಿಲ್ಲ. ಅದು ಸುವಾಸನೆಯೂ ಅಲ್ಲ, ದುರ್ವಾಸನೆಯೂ ಅಲ್ಲ. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ನಿಂಬೆಸಿಪ್ಪೆ, ಸ್ವಲ್ಪ ಬೆಕ್ಕು ಮಲಗಿ ಎದ್ದ ಮೂಲೆ. ಹೋದ ವಾರ ರಾಜೀವನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಂದು ಎಲೆಯದಲ್ಲ, ಒಂದಿಡೀ ಪೊದೆಯದು. ಪಕ್ಕದ ಖಾಲಿ ಸೈಟಿನಲ್ಲಿ ಜೆಸಿಬಿ ನಿಂತಿತ್ತು. ಎಷ್ಟೋ ವರ್ಷದಿಂದ ಬೆಳೆದ ಲಂಟಾನ, ಹರಳುಗಿಡ, ಅವುಗಳ ಮೇಲೆ ಹಬ್ಬಿದ್ದ ಬಳ್ಳಿ ಎಲ್ಲವನ್ನೂ ಬಾಚಿ ಟ್ರ್ಯಾಕ್ಟರಿಗೆ ತುಂಬುತ್ತಿತ್ತು. ಸೈಟಿನವರು ಮನೆ ಕಟ್ಟಿಸುತ್ತಾರಂತೆ. ಅವರ ಜಾಗ, ಅವರ ಮನೆ, ನಾನು ಹೇಳುವಂಥದ್ದೇನೂ ಇರಲಿಲ್ಲ. ಆದರೂ ಗ್ಯಾಸ್ ಆರಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ಪೊದೆಯಲ್ಲಿ ಒಂದು ರತ್ನಪಕ್ಷಿ ಇತ್ತು. ಅದು ಕೂಗದೆ ನನ್ನ ಅಕ್ಕ ನಳಿನಿ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಅಕ್ಕ ಹೋಗಿ ವರ್ಷವಾಗುತ್ತಾ ಬಂತು.

ರತ್ನಪಕ್ಷಿ ಎಂಬ ಹೆಸರು ಕೇಳಿ ನವಿಲಿನಂಥದ್ದೇನೋ ಅಂದುಕೊಳ್ಳಬೇಡಿ. ಕೆಲವರು ಕೆಂಬೂತ ಅನ್ನುತ್ತಾರಲ್ಲ, ಅದೇ. ಕಾಗೆಗಿಂತ ಚೂರು ದೊಡ್ಡದು, ಮೈಯೆಲ್ಲ ಕಪ್ಪು, ರೆಕ್ಕೆ ಮಾತ್ರ ಇಟ್ಟಿಗೆ ಬಣ್ಣ, ಕಣ್ಣು ಕೆಂಪು ಹರಳು. ಹಾರುವುದೆಂದರೆ ಅದಕ್ಕೆ ಸೋಮಾರಿತನ. ಮದುವೆಮನೆಯಲ್ಲಿ ಕಳೆದ ಚಪ್ಪಲಿ ಹುಡುಕುವವರ ಹಾಗೆ ಬೇಲಿಯ ಬುಡದಲ್ಲಿ ತಲೆ ತಗ್ಗಿಸಿ ಒಣಗಿದ ಎಲೆ ಸರಿಸುತ್ತಾ ನಡೆಯುತ್ತದೆ. ಕೂಗಿದರೆ ಮಾತ್ರ ಕೊಡದೊಳಗೆ ಬಾಯಿಟ್ಟು ಕೂಗಿದಂತೆ, ಊಪ್ ಊಪ್ ಊಪ್ ಎಂದು ಮೂರು ಬೀದಿಗೆ ಕೇಳುತ್ತದೆ. ಹೊರಡುವ ಹೊತ್ತಿಗೆ ಅದು ಕಣ್ಣಿಗೆ ಬಿದ್ದರೆ ಹೋದ ಕೆಲಸ ಆಗುತ್ತದೆ ಎಂದು ಮೈಸೂರಿನ ಎಷ್ಟೋ ಮನೆಗಳಲ್ಲಿ ನಂಬುತ್ತಿದ್ದರು. ನಿಮ್ಮ ಮನೆಯಲ್ಲೂ ನಂಬುತ್ತಿದ್ದರೇನೋ. ನಮ್ಮ ಅಜ್ಜಿ ಬರೀ ನಂಬುತ್ತಿರಲಿಲ್ಲ, ಅದನ್ನೊಂದು ಕಾನೂನು ಮಾಡಿಟ್ಟಿದ್ದರು.

ಆಗ ನಾವಿದ್ದದ್ದು ಲಕ್ಷ್ಮೀಪುರಂನಲ್ಲಿ, ಸಾಲುಮನೆಗಳ ಕೊನೆಯ ಮನೆಯಲ್ಲಿ. ತಾತ ಅರಮನೆಯ ಸಾರೋಟಿನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರಂತೆ, ನಾನು ಅವರನ್ನು ಕಂಡಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು, ಹಾಗಾಗಿ ಹಗಲಿನ ಮನೆ ಅಜ್ಜಿಯದು, ಹಿತ್ತಲು ಅಕ್ಕನದು. ಹಿತ್ತಲೆಂದರೆ ಬಾವಿ, ಒಗೆಯುವ ಕಲ್ಲು, ಒಂದು ಸೀಬೆಮರ, ಆಚೆಗೆ ಯಾರದೋ ಪಾಳು ಜಾಗದ ಲಂಟಾನದ ಬೇಲಿ, ಅಷ್ಟೆ. ಆದರೆ ಅಕ್ಕನ ಜೊತೆ ಆ ಕಲ್ಲಿನ ಮೇಲೆ ಕೂತರೆ ಅಲ್ಲಿ ಒಂದು ಊರೇ ಇತ್ತು. ಅಳಿಲು ಹಳೆಯ ಹಾಸಿಗೆಯ ಹತ್ತಿ ಕದ್ದು ಬಾಯ್ತುಂಬ ಗಡ್ಡ ಬಿಟ್ಟುಕೊಂಡು ಓಡುತ್ತಿತ್ತು. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಸೂರಕ್ಕಿಯ ಗೂಡು ಚೀಲದ ಹಾಗೆ ತೂಗುತ್ತಿತ್ತು, ಅದರ ಮರಿ ಹಾರುವ ತನಕ ಆ ತಂತಿಗೆ ಬಟ್ಟೆ ಹಾಕಕೂಡದೆಂದು ಅಕ್ಕ ಅಮ್ಮನ ಹತ್ತಿರ ಜಗಳವಾಡಿ ಗೆದ್ದಿದ್ದಳು. ಮೋರಿಯ ತೂಬಿನಿಂದ ಮುಂಗುಸಿ ಮರಿಗಳು ಅಮ್ಮನ ಬಾಲ ಹಿಡಿದ ಹಾಗೆ ಸಾಲಾಗಿ ಹೊರಬರುತ್ತಿದ್ದವು. ಬಾವಿಕಟ್ಟೆಯ ಬಿರುಕಿನಲ್ಲಿ ಕೇರೆಹಾವು ಪೊರೆ ಬಿಟ್ಟು ಹೋಗಿರುತ್ತಿತ್ತು. ನಾವು ಒಂದು ಬಟ್ಟಲು ಕಡ್ಲೆಪುರಿ ಇಟ್ಟುಕೊಂಡು, ಶಬ್ದವಾಗದ ಹಾಗೆ ಒಂದೊಂದೇ ನಾಲಿಗೆಯ ಮೇಲೆ ಕರಗಿಸುತ್ತಾ ಇದನ್ನೆಲ್ಲ ನೋಡುತ್ತಿದ್ದೆವು. ಬೆರಳು ಮಾಡಿ ತೋರಿಸಬಾರದು ಎನ್ನುವುದು ಅಕ್ಕನ ನಿಯಮ. "ಬೆರಳೆತ್ತಿದ್ರೆ ಹಕ್ಕಿಗೆ ಕಲ್ಲೆತ್ತಿದ ಹಾಗೆ ಕಾಣತ್ತೆ ಕಣೇ ಪುಟ್ಟಿ. ಗದ್ದದಲ್ಲಿ ತೋರ್ಸು." ಹಾಗಾಗಿ ನಾವಿಬ್ಬರೂ ಗದ್ದ ಅತ್ತ ಇತ್ತ ಎತ್ತುತ್ತಾ ಕೂತಿರುತ್ತಿದ್ದೆವು. ನೀರು ಸೇದಲು ಬಂದ ಪಕ್ಕದ ಮನೆಯವರು, "ಏನಜ್ಜಿ, ನಿಮ್ಮ ಹುಡುಗೀರಿಗೆ ಕತ್ತು ಉಳುಕಿದೆಯಾ?" ಎಂದು ಕೇಳಿದ್ದೂ ಉಂಟು.

ರತ್ನಪಕ್ಷಿಗಳಿದ್ದದ್ದು ಆ ಬೇಲಿಯಲ್ಲಿ. ಎರಡಿದ್ದವು. ಒಂದರ ದನಿ ದಪ್ಪ, ಇನ್ನೊಂದರದು ಅದಕ್ಕಿಂತ ತುಸು ತೆಳು. ತೆಳುವಾದದ್ದು ಕೂಗಿ ನಿಲ್ಲಿಸಿದರೆ ದಪ್ಪದ್ದು ಎತ್ತಿಕೊಳ್ಳುತ್ತಿತ್ತು, ಅದು ನಿಲ್ಲಿಸಿದರೆ ಮತ್ತೆ ಇದು. ಅವುಗಳ ಗೂಡಿನಲ್ಲಿ ರತ್ನ ಇರುತ್ತದೆ ಎಂದು ಅಜ್ಜಿ ಹೇಳಿದ್ದರಿಂದ, ಮರಿಗಳೆಲ್ಲ ಹಾರಿಹೋದ ಮೇಲೆ ಅಕ್ಕ ಕೈಯೆಲ್ಲ ಪರಚಿಕೊಂಡು ಬೇಲಿಯೊಳಗೆ ನುಗ್ಗಿದ್ದಳು. ಸಿಕ್ಕಿದ್ದು ಒಡೆದ ಬಸವನಹುಳುವಿನ ಚಿಪ್ಪುಗಳು. ಅದರಲ್ಲೊಂದನ್ನು ತೊಳೆದು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು, ಕೇಳಿದವರಿಗೆಲ್ಲ ರತ್ನ ಎಂದೇ ಹೇಳುತ್ತಿದ್ದಳು.

ಅಜ್ಜಿಯ ಕಾನೂನು ಹೀಗಿತ್ತು. ಶಾಲೆಗಾಗಲಿ, ಪರೀಕ್ಷೆಗಾಗಲಿ, ಆಸ್ಪತ್ರೆಗಾಗಲಿ, ಬೇರೆ ಊರಿಗಾಗಲಿ ಹೊರಡುವವರು ರತ್ನಪಕ್ಷಿಯನ್ನು ನೋಡಿ ಹೊರಡಬೇಕು, ಹೊಸ್ತಿಲು ದಾಟುವಾಗ ಹೋಗಿಬರ್ತೀನಿ ಅನ್ನಬೇಕು. ಅವಸರದಲ್ಲಿ ಯಾರಾದರೂ ಹೋಗ್ತೀನಿ ಅಂದರೆ ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, ಮತ್ತೆ ಹೊರಡಿಸುತ್ತಿದ್ದರು. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಾಗ ಅಜ್ಜಿಗೆ ಹಕ್ಕಿ ಕಾಣದಂತಾಯಿತು. ಆಗ ಅಕ್ಕನೇ ಕಾನೂನು ತಿದ್ದಿದಳು. "ಕೂಗಿದ್ದು ಕೇಳಿದ್ರೂ ನೋಡಿದ ಹಾಗೇನೇ ಅಜ್ಜಿ," ಎಂದಳು. ಅಜ್ಜಿ ಒಪ್ಪಿದರು. ಅಲ್ಲಿಂದ ಶುರುವಾಯಿತು. ಶಾಲೆಗೆ ಹೊತ್ತಾದ ದಿನ ಹಕ್ಕಿ ಸುಮ್ಮನಿದ್ದರೆ ಅಕ್ಕ ಬಚ್ಚಲಿನ ಹಿಂದೆ ಹೋಗಿ, ಎರಡು ಅಂಗೈಯನ್ನು ಬಟ್ಟಲು ಮಾಡಿ ಬಾಯಿಗಿಟ್ಟು ಊಪ್ ಊಪ್ ಎಂದು ಕೂಗುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ಕಣ್ಮುಚ್ಚಿ ಕೈ ಮುಗಿಯುತ್ತಿದ್ದರು. ನನಗೂ ಹೇಳಿಕೊಟ್ಟಳು. ಅವಳದು ದಪ್ಪ ದನಿ, ನನ್ನದು ತೆಳು. ರಜೆಯ ಮಧ್ಯಾಹ್ನಗಳಲ್ಲಿ ಕಲ್ಲಿನ ಮೇಲೆ ಕೂತು ಒಬ್ಬರಾದ ಮೇಲೆ ಒಬ್ಬರು ಕೂಗುತ್ತಿದ್ದೆವು. ಒಮ್ಮೊಮ್ಮೆ ಬೇಲಿಯಿಂದ ನಿಜವಾದ ಹಕ್ಕಿ ಉತ್ತರ ಕೊಡುತ್ತಿತ್ತು. ಆಗ ಅಕ್ಕ ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು, ಉಗುರು ನಾಟುವಷ್ಟು ಬಿಗಿಯಾಗಿ.

ಅಜ್ಜಿಗೆ ಇದು ತಿಳಿದಿಲ್ಲವೆಂದೇ ನಾವು ಅಂದುಕೊಂಡಿದ್ದೆವು. ಒಂದು ಚಳಿಗಾಲದ ಬೆಳಿಗ್ಗೆ ಅಕ್ಕನಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಆದರೂ ಬಚ್ಚಲಿನ ಹಿಂದೆ ಹೋಗಿ ಕೂಗಿ, ಏನೂ ಆಗದವಳಂತೆ ಬಂದು ಚೀಲ ಹೆಗಲಿಗೆ ಹಾಕಿಕೊಂಡಳು. ಅಜ್ಜಿ ಮುಗಿದ ಕೈ ಇಳಿಸಿ, "ಪಾಪ, ರತ್ನಪಕ್ಷಿಗೂ ನೆಗಡಿ ಆಗ್ಬುಟ್ಟಿದೆ. ಸಂಜೆ ಬಂದ್ಮೇಲೆ ಮೆಣಸಿನ ಕಷಾಯ ಮಾಡ್ಕೊಡ್ತೀನಿ, ಕುಡಿಯಕ್ಕೆ ಹೇಳು," ಎಂದರು. ಅಕ್ಕನ ಮುಖ ಕೆಂಪಾಯಿತು. ಅಜ್ಜಿ ಆಮೇಲೆ ಆ ಮಾತೆತ್ತಲಿಲ್ಲ. ಮಾರನೆಯ ದಿನ ಮತ್ತೆ ಅಕ್ಕ ಕೂಗಿದಳು, ಮತ್ತೆ ಅಜ್ಜಿ ಕೈ ಮುಗಿದರು.

ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಮಾತ್ರ ಕಷ್ಟವಾಯಿತು. ಓದಿ ಟೀಚರ್ ಆಗಬೇಕೆಂದು ಹಟ ಹಿಡಿದವಳು ಅವತ್ತು ಹೆದರಿಕೆಯಿಂದ ತಿಂಡಿ ತಿಂದಿರಲಿಲ್ಲ, ಬಾಯಿ ಒಣಗಿ ದನಿಯೇ ಹೊರಡುತ್ತಿರಲಿಲ್ಲ. ಬೇಲಿಯಲ್ಲೂ ಸದ್ದಿಲ್ಲ. ಹೊತ್ತಾಗುತ್ತಿತ್ತು. ಅಜ್ಜಿ ಹೊಸ್ತಿಲಲ್ಲಿ ಕೂತಿದ್ದರು. ಅಕ್ಕ ನನ್ನ ಕಡೆ ತಿರುಗಿ ಗದ್ದವನ್ನು ಬಚ್ಚಲಿನ ಕಡೆಗೆ ಎತ್ತಿದಳು. ನಾನು ಓಡಿದೆ. ಅಂಗೈ ಬಾಯಿಗಿಟ್ಟು ಕೂಗಿದರೆ ಬಂದದ್ದು ಬೆಕ್ಕಿನ ಮರಿ ಕಿರುಚಿದಂಥ ಶಬ್ದ. ಮತ್ತೆ ಕೂಗಿದೆ, ಅದೂ ಅಷ್ಟೆ. ಒಳಗೆ ಬರುವಾಗ ನನಗೆ ಅಳು ಬಂದಿತ್ತು. ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದು, ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು. "ಇದು ಮರಿ ಕಣೇ ನಳಿ. ಮರಿ ಆದ್ರೇನು, ಅದೂ ರತ್ನಪಕ್ಷಿನೇ. ನಡಿ, ಹೋಗ್ಬಾ." ಅಕ್ಕ ಗೇಟಿನ ತನಕ ನಗುತ್ತಾ ಹೋದಳು. ಪರೀಕ್ಷೆ ಚೆನ್ನಾಗಿಯೇ ಆಯಿತು. ಆಮೇಲೆ ಎಷ್ಟೋ ವರ್ಷ ಅವಳು ನನ್ನನ್ನು ಕರೆಯುತ್ತಿದ್ದದ್ದು ಮರಿ ಅಂತಲೇ.

ಅಜ್ಜಿ ಹೋದರು. ಸಾಲುಮನೆಗಳನ್ನು ಮಾಲೀಕರು ಮಾರಿದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ, ಬಾವಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅಕ್ಕ ಪ್ರೈಮರಿ ಶಾಲೆಯ ಟೀಚರ್ ಆದಳು. ಬನ್ನಿಮಂಟಪದ ಕಡೆಯ ಅವಳ ಶಾಲೆಗೆ ಒಮ್ಮೆ ಹೋದಾಗ, ಪುಟ್ಟ ಪುಟ್ಟ ಮಕ್ಕಳು ಕಾಂಪೌಂಡಿನ ಹೊಂಗೆಮರದ ಕೆಳಗೆ ಸಾಲಾಗಿ ಕೂತು ಒಂದು ಮರಕುಟಿಗದ ಕಡೆಗೆ ಗದ್ದ ಎತ್ತುತ್ತಿದ್ದದ್ದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಭಾವನವರು ತೀರಿಕೊಂಡ ಮೇಲೆ ಅವಳು ರಾಜೀವನಗರಕ್ಕೆ, ನನ್ನ ಮನೆಗೇ ಬಂದಳು. ಬಂದ ದಿನ ಸಾಮಾನು ಇಳಿಸುವ ಮೊದಲೇ ಪಕ್ಕದ ಸೈಟಿನ ಲಂಟಾನ ನೋಡಿ, "ಇಲ್ಲಿ ಇರ್ಬೇಕಲ್ಲೇ," ಎಂದಳು. ಇತ್ತು. ಒಂದೇ ಒಂದು, ದಪ್ಪ ದನಿಯದು.

ಎರಡು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಂತು. ಅದರ ಹೆಸರು ಇಲ್ಲಿ ಬೇಡ. ಆಸ್ಪತ್ರೆಗೆ ಹೋಗಿ, ದಿನವಿಡೀ ಸೂಜಿ ಚುಚ್ಚಿಸಿಕೊಂಡು, ಸಂಜೆ ಬರುವುದು ನಮ್ಮ ದಿನಚರಿಯಾಯಿತು. ಮೂರನೆಯ ಮನೆಯ ಇರ್ಫಾನ್ ತಮ್ಮ ಆಟೊದಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಹೊರಡುವಾಗ ಅಕ್ಕ ಗೇಟಿನಲ್ಲಿ ಗೋಡೆ ಹಿಡಿದು ನಿಂತು ಕಾಯುತ್ತಿದ್ದಳು. ಹಕ್ಕಿ ಒಂದು ದಿನ ಕೂಗುತ್ತಿತ್ತು, ಒಂದು ದಿನ ಇಲ್ಲ. ಕೂಗದ ದಿನ ನಾನು ಏನೋ ಮರೆತವಳಂತೆ ಒಳಗೆ ಹೋಗಿ, ಹಿಂದಿನ ಬಾಗಿಲಿನಿಂದ ನೀರಿನ ತೊಟ್ಟಿಯ ಪಕ್ಕ ನಿಂತು, ಅಂಗೈ ಬಾಯಿಗಿಟ್ಟು ಕೂಗುತ್ತಿದ್ದೆ. ಮೊದಲ ಸಲ ನಾನು ಮುಂದೆ ಬಂದಾಗ ಅಕ್ಕ ಕಣ್ಮುಚ್ಚಿ ಕೈ ಮುಗಿದು ನಿಂತಿದ್ದಳು, ಅಜ್ಜಿ ನಿಲ್ಲುತ್ತಿದ್ದ ಹಾಗೆಯೇ. ಕಣ್ಣು ಬಿಟ್ಟು ನನ್ನನ್ನು ನೋಡಿ, "ಈ ಮರಿ ಇನ್ನೂ ದೊಡ್ಡದಾಗ್ಲೇ ಇಲ್ವಲ್ಲೇ," ಎಂದಳು.

ಇರ್ಫಾನ್‌ಗೂ ಇದು ಅಭ್ಯಾಸವಾಯಿತು. ಮೊದಮೊದಲು ಹೊತ್ತಾಯ್ತು ಅನ್ನುತ್ತಿದ್ದವರು ಆಮೇಲೆ ತಾವೇ ಎಂಜಿನ್ ಆರಿಸಿ, "ಕೂಗ್ಲಿ ಬುಡಿ ಅಮ್ಮ, ಮೀಟರ್ ಹಾಕಿಲ್ಲ," ಅನ್ನುತ್ತಿದ್ದರು. ಆಸ್ಪತ್ರೆಯ ಕಿಟಕಿಯ ಹೊರಗೊಂದು ಸಂಪಿಗೆಮರವಿತ್ತು. ಕೈಗೆ ಸೂಜಿ ಚುಚ್ಚಿರುತ್ತಿದ್ದರಿಂದ ಅಕ್ಕ ಅಲ್ಲಿ ಏನು ಕಂಡರೂ ಗದ್ದದಲ್ಲೇ ತೋರಿಸುತ್ತಿದ್ದಳು. "ನೋಡ್ದೆಯಾ, ಮೊದ್ಲೇ ಅಭ್ಯಾಸ ಮಾಡ್ಕೊಂಡಿದ್ದು ಒಳ್ಳೇದಾಯ್ತು," ಅಂದಿದ್ದಳು.

ಕೊನೆಯ ಸಲ ಹೊರಟ ದಿನ ಅವಳಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಆಟೊದಲ್ಲಿ ಕೂರಿಸಿದೆವು. ಪೊದೆ ಸುಮ್ಮನಿತ್ತು. ನಾನು ತೊಟ್ಟಿಯ ಪಕ್ಕ ಹೋಗಿ ನಿಂತೆ, ಅಂಗೈ ಬಾಯಿಗಿಟ್ಟೆ, ಕೂಗಲಾಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಆಗ ಮುಂದಿನಿಂದ, ಆಟೊ ಇದ್ದ ಕಡೆಯಿಂದ, ಒರಟಾದ ದನಿಯಲ್ಲಿ ಊಪ್ ಊಪ್ ಊಪ್ ಎಂದು ಕೇಳಿಸಿತು. ನಾನು ಬಂದು ನೋಡಿದರೆ ಇರ್ಫಾನ್ ಹ್ಯಾಂಡಲ್ ಹಿಡಿದು ನೇರ ಮುಂದೆ ನೋಡುತ್ತಾ ಕೂತಿದ್ದರು. ಅಕ್ಕ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಗುತ್ತಿದ್ದಳು. "ಇದು ಯಾವ್ದೋ ಬೀಡಿ ಸೇದೋ ಹಕ್ಕಿ ಕಣೇ ಮರಿ," ಎಂದಳು. ಆಮೇಲೆ ಮನೆಯ ಕಡೆಗೆ ತಿರುಗಿ ಹೋಗಿಬರ್ತೀನಿ ಎಂದಳು, ಮನೆಯೊಳಗೆ ಯಾರೂ ಇಲ್ಲದಿದ್ದರೂ.

ಮಾರನೆಯ ದಿನ ಬಂದಳು, ಬಂದ ರೀತಿ ಬೇರೆ. ಸಂಜೆಯ ಹೊತ್ತಿಗೆ ಅವಳನ್ನು ಮತ್ತೆ ಎತ್ತಿಕೊಂಡು ಹೊರಟರು. ಆಗ ಯಾರೂ ಗೇಟಿನಲ್ಲಿ ಕಾಯಲಿಲ್ಲ. ಕಾಯಬೇಕೆಂದು ನನಗೆ ಅನ್ನಿಸಿತ್ತು, ಆದರೆ ರತ್ನಪಕ್ಷಿ ಹೋಗಿಬರುವವರ ಹಕ್ಕಿ, ಅಂಥ ಹೊರಡುವಿಕೆಗೆ ಅದನ್ನು ಕೇಳುವ ಪದ್ಧತಿ ಇಲ್ಲ. ಅಕ್ಕ ಹೋಗಿಬರ್ತೀನಿ ಅನ್ನದೆ ಮನೆಯಿಂದ ಹೋದದ್ದು ಅದೊಂದೇ ಸಲ.

ಇವತ್ತು ಬೆಳಿಗ್ಗೆ ಅವಳ ವರ್ಷದ ಕಾರ್ಯಕ್ಕೆ ಬಾಳೆ ಎಲೆ, ತರಕಾರಿ ತರಲು ಇರ್ಫಾನ್ ಅವರ ಆಟೊದಲ್ಲಿ ದೇವರಾಜ ಮಾರುಕಟ್ಟೆಗೆ ಹೊರಟೆ. ಪಕ್ಕದ ಸೈಟು ಈಗ ಬರೀ ಕೆಂಪುಮಣ್ಣು. ಹೊಸದಾಗಿ ಮಗುಚಿದ ಮಣ್ಣಿನಲ್ಲಿ ಗೊರವಂಕಗಳು ಹುಳ ಹೆಕ್ಕುತ್ತಾ ಜಗಳವಾಡುತ್ತಿದ್ದವು, ಅವುಗಳಿಗೆ ಅದು ಹಬ್ಬ. ಮೂಲೆಯಲ್ಲಿ ಟ್ರ್ಯಾಕ್ಟರಿನಿಂದ ಜಾರಿದ ಒಂದು ಲಂಟಾನದ ಕೊಂಬೆ ಬಾಡಿ ಬಿದ್ದಿತ್ತು. ರತ್ನಪಕ್ಷಿ ಎತ್ತ ಹೋಯಿತೋ ತಿಳಿಯದು. ಬೀದಿಯ ಕೊನೆಯ ಪಾರ್ಕಿನ ಬಿದಿರಿಗೆ ಹೋಗಿರಬಹುದು, ಅಲ್ಲಿಗೆ ನಮ್ಮ ಮನೆಯಿಂದ ದೂರವೇನಿಲ್ಲ. ಅಭ್ಯಾಸದಂತೆ ನಾನು ಗೇಟಿನಲ್ಲಿ ನಿಂತೆ. ಇರ್ಫಾನ್ ನನ್ನನ್ನು ನೋಡಿದರು, ಸೈಟನ್ನು ನೋಡಿದರು, ಎಂಜಿನ್ ಆರಿಸಿದರು.

ಈ ಸಲ ನಾನು ತೊಟ್ಟಿಯ ಹಿಂದಕ್ಕೆ ಹೋಗಲಿಲ್ಲ. ಗೇಟಿನಲ್ಲೇ ನಿಂತು ಅಂಗೈ ಬಟ್ಟಲು ಮಾಡಿ ಕೂಗಿದೆ. ಅದೇ ತೆಳು ದನಿ, ಅದೇ ಮರಿ. ಕೂಗಿ ನಿಲ್ಲಿಸಿದೆ. ಮುಂದಿನದು ದಪ್ಪ ದನಿಯ ಪಾಲು. ಅದು ಮುಗಿಯುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ನನ್ನ ಪಾಲಿನದನ್ನು ಕೂಗಿದೆ.